ಗಾವೋನ್, ನಗೀದ್, ನಾಸಿ: ಹಳೇ ಯಹೂದಿ ಕಾಗದಗಳಲ್ಲಿ ಯಾರು ಯಾರು ಅಂತ ಕಂಡುಹಿಡಿಯೋದು ಹೇಗೆ

12ನೇ ಶತಮಾನದಲ್ಲಿ ನಮ್ಮ ಮಂಗಳೂರಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಇದ್ದ, ಟ್ಯುನೀಶಿಯಾ ಕಡೆ ಮಹ್ದಿಯಾ ಊರಿನವನು, ಕರಿಮೆಣಸು ಅಡಿಕೆ ಕಬ್ಬಿಣ ಎಲ್ಲ ಯೆಮನ್ನಿನ ಏಡನ್‌ಗೆ ಕಳಿಸ್ತಿದ್ದ, ಇಲ್ಲೇ ಕಂಚಿನ ಪಾತ್ರೆ ಮಾಡಿಸೋ ಕಾರ್ಖಾನೆನೂ ಇಟ್ಟಿದ್ದ, ಈ ಕಥೆ ಈಗ ಸುಮಾರು ಜನಕ್ಕೆ ಗೊತ್ತು. ಕಥೆ ಇಷ್ಟ ಆಗಿ, ಸರಿ ಮೂಲ ಕಾಗದಗಳ ಅನುವಾದನೇ ಓದಿಬಿಡೋಣ ಅಂತ ಕೂತೋರು ಮಾತ್ರ ಎರಡನೇ ಪುಟಕ್ಕೇ ಸುಸ್ತಾಗ್ತಾರೆ. ಒಬ್ಬ ಗಾವೋನ್ ಅಂತೆ, ಇನ್ನೊಬ್ಬ ನಗೀದ್ ಅಂತೆ, ಮತ್ತೊಬ್ಬ ನಾಸಿ, ಅವನೇ ಮುಂದಿನ ಸಾಲಲ್ಲಿ ರೋಶ್ ಹಗೋಲಾ, ಅವನೇ ಅರಬ್ಬಿ ಪುಸ್ತಕದಲ್ಲಿ ರಾಸ್ ಅಲ್ ಜಾಲೂತ್. ಇವರಲ್ಲಿ ಯಾರು ದೊಡ್ಡೋರು, ಯಾರ ಮಾತು ಯಾರು ಕೇಳ್ಬೇಕು, ಯಾರಿಗೆ ಬರೀ ಹೆಸರು ಯಾರಿಗೆ ನಿಜವಾದ ಪವರ್, ಏನೂ ತಿಳಿಯಲ್ಲ.

ಕ್ರಮವಾಗಿ ಹೋದ್ರೆ ಇದೇನು ಅಷ್ಟು ಕಷ್ಟ ಇಲ್ಲ. ಪದವಿ ಕಂಡ ತಕ್ಷಣ ಅದರ ಅರ್ಥ ಹುಡುಕೋಕೆ ಹೋಗ್ಬೇಡಿ. ಯಾರು ಕೊಟ್ಟಿದ್ದು, ಯಾವ ಊರಲ್ಲಿ, ಯಾವ ಇಸವಿಯಲ್ಲಿ ಅಂತ ಮೊದ್ಲು ಕೇಳಿ. ಈ ಮೂರಕ್ಕೆ ಉತ್ತರ ಸಿಕ್ಕಿದ್ರೆ ಮುಕ್ಕಾಲು ಕೆಲಸ ಮುಗೀತು.

ಹೆಜ್ಜೆ 1: ಅಧಿಕಾರ ಎಲ್ಲಿಂದ ಬರ್ತಿತ್ತು ಅಂತ ತಿಳ್ಕೊಳ್ಳಿ

ಇಸ್ಲಾಮೀ ಆಡಳಿತದಲ್ಲಿ ಯಹೂದಿಗಳು, ಕ್ರೈಸ್ತರು ಧಿಮ್ಮಿಗಳು. ಜಿಜಿಯಾ ಅನ್ನೋ ತಲೆಗಂದಾಯ ಕಟ್ಟಬೇಕು, ಕೆಲವು ನಿರ್ಬಂಧ ಒಪ್ಕೋಬೇಕು, ಅದಕ್ಕೆ ಬದಲಾಗಿ ಜೀವಕ್ಕೆ ಆಸ್ತಿಗೆ ರಕ್ಷಣೆ ಇರತ್ತೆ, ಮದುವೆ, ವಿಚ್ಛೇದನ, ಆಸ್ತಿ ಪಾಲು ಇಂಥ ವ್ಯವಹಾರ ಎಲ್ಲ ತಮ್ಮ ಕೋರ್ಟಲ್ಲೇ ತಮ್ಮ ಧರ್ಮದ ಕಾನೂನು ಪ್ರಕಾರ ತೀರ್ಮಾನ ಮಾಡ್ಕೋಬಹುದು. ಹಂಗಾದ್ರೆ ಆ ಕೋರ್ಟಿಗೆ ನ್ಯಾಯಾಧೀಶನ್ನ ನೇಮಿಸೋರು ಯಾರು, ದಾನದ ದುಡ್ಡು ನೋಡ್ಕೊಳ್ಳೋರು ಯಾರು, ಸಮುದಾಯದ ಪರವಾಗಿ ಅರಮನೆಗೆ ಹೋಗಿ ಮಾತಾಡೋರು ಯಾರು? ಈ ಪದವಿಗಳೆಲ್ಲ ಹುಟ್ಟಿಕೊಂಡಿದ್ದು ಈ ಕೆಲಸಗಳಿಗೆ.

ಯಜಮಾನಿಕೆಗೆ ಮೂರು ದಾರಿ ಇತ್ತು. ಒಂದು ವಂಶ, ಅಂದ್ರೆ ರಾಜ ದಾವೀದನ ಕುಲದವನು ಅನ್ನೋದು. ಎರಡು ವಿದ್ಯೆ, ಅಂದ್ರೆ ದೊಡ್ಡ ಯೆಶಿವಾದಲ್ಲಿ (ಧರ್ಮಶಾಸ್ತ್ರದ ವಿದ್ಯಾಪೀಠ ಅನ್ಕೊಳ್ಳಿ, ಅದೇ ಸುಪ್ರೀಂ ಕೋರ್ಟು ಕೂಡ) ಮೇಲಿನ ಆಸನ. ಮೂರು ಅರಮನೆ, ಖಲೀಫನಿಗೋ ವಜೀರನಿಗೋ ಹತ್ತಿರದವನು ಅನ್ನೋದು. ನೀವು ಓದೋ ಜಗಳಗಳಲ್ಲಿ ಹೆಚ್ಚಿನವು ಈ ಮೂರರ ನಡುವಿನ ಹಗ್ಗಜಗ್ಗಾಟನೇ.

ಇನ್ನೊಂದು ವಿಷ್ಯ ಇಲ್ಲೇ ಹೇಳ್ಬಿಡ್ತೀನಿ. ಇವರ ಹತ್ರ ಪೊಲೀಸ್ ಇರಲಿಲ್ಲ. ಮಾತು ಕೇಳದವನ ಮೇಲೆ ಬಳಸೋಕಿದ್ದ ದೊಡ್ಡ ಅಸ್ತ್ರ ಅಂದ್ರೆ ಹೇರೆಮ್, ಬಹಿಷ್ಕಾರ. ಅದೂ ಬೇಡ ಅಂದವನು ಸೀದಾ ಮುಸ್ಲಿಂ ಖಾಜಿಯ ಕೋರ್ಟಿಗೆ ಹೋಗಬಹುದಿತ್ತು, ಹೋಗ್ತಾನೂ ಇದ್ರು. ಅದಕ್ಕೇ ಈ ನಾಯಕರು ಜನರನ್ನ ಓಲೈಸೋದರಲ್ಲಿ, ಹಾಡಿ ಹೊಗಳೋದರಲ್ಲಿ, ಪದವಿ ಹಂಚೋದರಲ್ಲಿ ಅಷ್ಟು ಟೈಮ್ ಕಳೀತಿದ್ರು.

ಹೆಜ್ಜೆ 2: ಹುದ್ದೆನಾ ಬಿರುದಾ ನೋಡಿ

ಬ್ರಿಟಿಷರ ಕಾಲದಲ್ಲಿ ಅಮಲ್ದಾರ ಅಂದ್ರೆ ಕೆಲಸ, ರಾವ್ ಬಹದ್ದೂರ್ ಅಂದ್ರೆ ಬಿರುದು, ಒಬ್ಬನಿಗೇ ಎರಡೂ ಇರಬಹುದು, ಹಂಗೇ ಇದು. ದಯ್ಯಾನ್ ಅಂದ್ರೆ ಕೆಲಸ, ಅವನು ನ್ಯಾಯಾಧೀಶ. ಆದ್ರೆ "ಯೆಶಿವಾದ ಪ್ರಿಯನು", "ಯೆಶಿವಾದ ನಿಧಿ", "ಪ್ರಭುಗಳ ಪ್ರಭು" ಅಂತೆಲ್ಲ ಬಂದ್ರೆ ಅವು ಬಿರುದು. ಯೆಶಿವಾಗಳು ದೂರದ ಊರಿನ ಶ್ರೀಮಂತ ವ್ಯಾಪಾರಿಗಳಿಗೆ, ದಾನಿಗಳಿಗೆ ಇವನ್ನ ಕಳಿಸಿಕೊಡ್ತಿದ್ವು, ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಎಲ್ಲರ ಮುಂದೆ ಓದಿ ಹೇಳ್ತಿದ್ರು. ಬಿರುದು ಉದ್ದ ಇದ್ದಷ್ಟೂ ದೇಣಿಗೆ ದೊಡ್ಡದು ಅಂತ ನಾನಂತೂ ಅಂದ್ಕೊಳ್ತೀನಿ, ಅದೇನು ಕಾನೂನಲ್ಲ ಬಿಡಿ, ಆದ್ರೆ ತೀರಾ ತಪ್ಪೂ ಆಗಲ್ಲ.

ಪತ್ರದಲ್ಲಿ ಒಬ್ಬನ ಹೆಸರಿನ ಮುಂದೆ ನಾಲ್ಕೈದು ಪದವಿ ಸಾಲಾಗಿ ಬಂದಿದ್ರೆ ಕೆಲಸದ ಹೆಸರನ್ನ ಮಾತ್ರ ಪೆನ್ಸಿಲಲ್ಲಿ ಗುರುತು ಮಾಡ್ಕೊಳ್ಳಿ, ಬಾಕಿದನ್ನ ಮೊದಲ ಓದಿಗೆ ಬಿಟ್ಬಿಡಿ.

ಹೆಜ್ಜೆ 3: ಬಾಗ್ದಾದಿನ ದಾವೀದ ವಂಶಜನನ್ನ ಗುರುತಿಸಿ

ಹೀಬ್ರೂನಲ್ಲಿ ರೋಶ್ ಹಗೋಲಾ, ಅರಮಾಯಿಕ್‌ನಲ್ಲಿ ರೇಶ್ ಗಾಲೂತಾ, ಅರಬ್ಬಿಯಲ್ಲಿ ರಾಸ್ ಅಲ್ ಜಾಲೂತ್, ಮೂರೂ ಒಂದೇ ಹುದ್ದೆ: ದೇಶಭ್ರಷ್ಟರ ಮುಖ್ಯಸ್ಥ. ಇಸ್ಲಾಂಗಿಂತ ಮುಂಚೆ, ಪರ್ಷಿಯನ್ ರಾಜರ ಕಾಲದಿಂದಲೇ ಬಂದಿದ್ದು. ದಾವೀದನ ವಂಶದವನೇ ಆಗಿರಬೇಕು, ಅಪ್ಪನ ನಂತರ ಮಗನೋ ತಮ್ಮನೋ ಬರ್ತಾರೆ, ಖಲೀಫ ಒಪ್ಪಬೇಕು.

ಇವನ ಪಟ್ಟಾಭಿಷೇಕ ಹೇಗಿತ್ತು ಅಂತ 10ನೇ ಶತಮಾನದ ನಾಥಾನ್ ಹಬಾವ್ಲಿ ಬರೆದಿಟ್ಟಿದಾನೆ, ಓದೋಕೆ ಮಜಾ ಇದೆ. ಸಬ್ಬತ್ ದಿನ (ಶನಿವಾರ) ಸಿನಗಾಗ್‌ನಲ್ಲಿ ಮರದ ಒಂದು ವೇದಿಕೆ ಕಟ್ಟಿ ಬಣ್ಣಬಣ್ಣದ ರೇಷ್ಮೆ ಹೊದಿಸ್ತಾರೆ, ಅದರ ಕೆಳಗೆ ಒಳ್ಳೇ ಮನೆತನದ, ಒಳ್ಳೇ ಕಂಠ ಇರೋ ಹುಡುಗರನ್ನ ಕೂರಿಸ್ತಾರೆ, ಹೊಸ ಮುಖ್ಯಸ್ಥ ಅಲ್ಲಿವರೆಗೂ ಯಾರಿಗೂ ಕಾಣ್ದಂಗೆ ಮರೆಯಲ್ಲಿರ್ತಾನೆ. ಪ್ರಾರ್ಥನೆ ಒಂದು ಹಂತಕ್ಕೆ ಬಂದಾಗ ಹೊರಗೆ ಬರ್ತಾನೆ, ಜನ ಎದ್ದು ನಿಲ್ತಾರೆ, ಅವನು ಕೂತ ಮೇಲೆ ಬಲಕ್ಕೆ ಸೂರಾ ಯೆಶಿವಾದ ಗಾವೋನ್ (ಯೆಶಿವಾದ ಮುಖ್ಯಸ್ಥ), ಎಡಕ್ಕೆ ಪುಂಬೆದಿತಾದ ಗಾವೋನ್ ಬಂದು ಕೂರ್ತಾರೆ. ಹಾಡೋನು ಮೇಲ್ಕಟ್ಟಿನ ಒಳಗೆ ತಲೆ ಹಾಕಿ ಮೆಲ್ಲಗೆ ಆಶೀರ್ವಾದ ಹೇಳ್ತಾನೆ, ಕೆಳಗಿನ ಹುಡುಗರು ಜೋರಾಗಿ ಆಮೆನ್ ಅಂತಾರೆ. ತೋರಾ (ಯಹೂದಿ ಧರ್ಮಗ್ರಂಥ) ಓದೋ ಹೊತ್ತಿಗೆ ಅವನು ಎದ್ದು ಹೋಗಲ್ಲ, ತೋರಾನ ಅವನಿದ್ದಲ್ಲಿಗೇ ತರ್ತಾರೆ. ಯಾರು ಎಲ್ಲಿ ಕೂತ್ರು, ಯಾರು ಯಾರ ಹತ್ರ ಹೋದ್ರು, ಅಷ್ಟು ನೋಡಿದ್ರೆ ಸಾಕು ಅಧಿಕಾರದ ಲೆಕ್ಕ ಪೂರ್ತಿ ಸಿಗತ್ತೆ.

ಹೊರಗಿನ ಠೀವಿ ನೋಡ್ಬೇಕಂದ್ರೆ ಸ್ಪೇನಿನ ತುದೇಲಾದಿಂದ ಬಂದ ಯಾತ್ರಿಕ ಬೆಂಜಮಿನ್ ಹೇಳೋದನ್ನ ಓದಿ, 12ನೇ ಶತಮಾನದ ದ್ವಿತೀಯಾರ್ಧದಲ್ಲಿ ಬಾಗ್ದಾದ್ ನೋಡಿದೋನು. ಆಗ ಈ ಗದ್ದುಗೆ ಮೇಲಿದ್ದವನು ಹಿಸ್ದಾಯ್ ಮಗ ದಾನಿಯೇಲ್. ಪ್ರತಿ ಗುರುವಾರ ಕುದುರೆ ಹತ್ತಿ, ರೇಷ್ಮೆ ಬಟ್ಟೆ, ದೊಡ್ಡ ಪೇಟ, ಖಲೀಫನನ್ನ ನೋಡೋಕೆ ಹೊರಡ್ತಿದ್ದ, ಮುಂದೆ ಸವಾರರು ದಾವೀದನ ಮಗ ನಮ್ಮ ಒಡೆಯ ಬರ್ತಿದಾನೆ ದಾರಿ ಬಿಡಿ ಅಂತ ಅರಬ್ಬಿಯಲ್ಲಿ ಕೂಗ್ತಿದ್ರು. ಬೆಂಜಮಿನ್ ಸ್ವಲ್ಪ ಉಬ್ಬಿಸಿ ಬರೀತಾನೆ ಅನ್ನೋದು ನಿಜ, ದೂರದಿಂದ ಬಂದ ಯಹೂದಿಗೆ ತಮ್ಮೋನೊಬ್ಬ ಹಿಂಗೆ ಮೆರೆಯೋದು ಕಂಡ್ರೆ ಎದೆ ಉಬ್ಬದೇ ಇರತ್ತಾ. ಈ ದಾನಿಯೇಲ್ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಹೆಜ್ಜೆ 4: ಗಾವೋನ್ ಅಂದ್ರೆ ಯಾವ ಯೆಶಿವಾದವನು ಅಂತ ಕೇಳಿ

ಗಾವೋನ್ ಅಂದ್ರೆ ಯೆಶಿವಾದ ಮುಖ್ಯಸ್ಥ. ಪೂರ್ತಿ ಹೆಸರು ರೋಶ್ ಯೆಶಿವತ್ ಗೆಓನ್ ಯಾಕೋವ್, ಯಾಕೋಬನ ಹೆಮ್ಮೆಯಾದ ಯೆಶಿವಾದ ಮುಖ್ಯಸ್ಥ, ಅದನ್ನ ಮೊಟಕು ಮಾಡಿ ಗಾವೋನ್ ಅಂದ್ರು. ಅರಬ್ಬಿ ಕಾಗದದಲ್ಲಿ ರಾಸ್ ಅಲ್ ಮಥೀಬಾ ಅಂತ ಬಂದ್ರೆ ಇವನೇ.

ಇಂಥ ಯೆಶಿವಾ ಇದ್ದಿದ್ದು ಮೂರು. ಇರಾಕಿನಲ್ಲಿ ಸೂರಾ ಮತ್ತೆ ಪುಂಬೆದಿತಾ (ಎರಡೂ ಆಮೇಲೆ ಬಾಗ್ದಾದಿಗೇ ಬಂದ್ವು, ಆದ್ರೆ ಹಳೇ ಊರಿನ ಹೆಸರು ಬಿಡಲಿಲ್ಲ), ಇನ್ನೊಂದು ಪ್ಯಾಲೆಸ್ಟೈನಿನದು, ಜೆರುಸಲೇಮಿನಲ್ಲಿ. ಗಾವೋನ್ ಕಂಡಾಗ ಈ ಮೂರರಲ್ಲಿ ಯಾವುದು ಅಂತ ಗೊತ್ತಾಗೋಕೆ ಒಂದು ಸುಲಭ ಸುಳಿವಿದೆ, ಅದು ಕೆಳಗಿನೋರ ಪದವಿಯಲ್ಲಿರತ್ತೆ. ಜೆರುಸಲೇಮ್ ಕಡೆಯೋರು ತಮ್ಮ ಸದಸ್ಯನ್ನ ಹಾವೇರ್ ಅಂತಾರೆ (ನಮ್ಮ ಹಾವೇರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಕೇಳ್ಬೇಡಿ). ಬಾಗ್ದಾದ್ ಕಡೆಯೋರು ಅಲ್ಲೂಫ್ ಅಥವಾ ರೇಶ್ ಕಲ್ಲಾ ಅಂತಾರೆ. ಒಂದು ಊರಿನ ಮುಖಂಡ ಹಾವೇರ್ ಅಂತ ಸಹಿ ಹಾಕಿದ್ರೆ ಅವನ ನಿಷ್ಠೆ ಜೆರುಸಲೇಮಿಗೆ, ಅಲ್ಲೂಫ್ ಅಂದ್ರೆ ಬಾಗ್ದಾದಿಗೆ. ಹಳೇ ಕೈರೋ ಅಂದ್ರೆ ಫುಸ್ತಾತ್‌ನಲ್ಲಿ ಎರಡೂ ಕಡೆಯವರ ಬೇರೆ ಬೇರೆ ಸಿನಗಾಗ್ ಇತ್ತು. 11ನೇ ಶತಮಾನದಲ್ಲಿ ಪ್ಯಾಲೆಸ್ಟೈನಿನೋರ ಮುಖಂಡ ಎಫ್ರಾಯಿಂ ಬೆನ್ ಶೆಮರ್ಯಾ (ಬೆನ್ ಅಂದ್ರೆ ಮಗ), ಗಾಜಾ ಮೂಲದ ಸುಗಂಧದ್ರವ್ಯದ ವ್ಯಾಪಾರಿ, ಅವನು ಹಾವೇರ್. ಇರಾಕಿನೋರ ಮುಖಂಡ ಸಹ್ಲಾನ್ ಬೆನ್ ಅಬ್ರಹಾಂ, ಅವನು ಅಲ್ಲೂಫ್. ಎಲ್ಲಾ ಸಲ ಇಷ್ಟು ಕ್ಲೀನಾಗಿ ಇರಲ್ಲ, ಎರಡೂ ಕಡೆಯ ಪದವಿ ಇಟ್ಕೊಂಡೋರೂ ಇದ್ರು, ಆದ್ರೂ ಮೊದಲ ಊಹೆಗೆ ಇದು ಸಾಕು.

ಗಾವೋನ್ ಕೆಳಗಿನ ಸ್ಥಾನ ಅವ್ ಬೇತ್ ದೀನ್, ಕೋರ್ಟಿನ ಯಜಮಾನ. ಜೆರುಸಲೇಮಲ್ಲಿ ಆಮೇಲೆ ಮೂರನೆಯವನು, ನಾಲ್ಕನೆಯವನು ಅಂತ ನಂಬರಲ್ಲೇ ಹೋಗತ್ತೆ. ಪತ್ರದಲ್ಲಿ ಬರೀ "ಮೂರನೆಯವನು" ಅಂತ ಸಹಿ ಇದ್ರೆ ಗಾಬರಿ ಆಗ್ಬೇಡಿ, ಅದು ಅವನ ರ‍್ಯಾಂಕ್.

ಇಲ್ಲಿ ಒಂದು ಜಗಳ ಹೇಳಲೇಬೇಕು, ಯಾಕಂದ್ರೆ ವಂಶ ಮತ್ತೆ ವಿದ್ಯೆ ಹೇಗೆ ಢಿಕ್ಕಿ ಹೊಡೀತಿದ್ವು ಅಂತ ಇಷ್ಟು ಚೆನ್ನಾಗಿ ತೋರಿಸೋದು ಬೇರೆ ಇಲ್ಲ. 928ರಲ್ಲಿ ಬಾಗ್ದಾದಿನ ರೋಶ್ ಹಗೋಲಾ ಆಗಿದ್ದ ದಾವೀದ್ ಬೆನ್ ಜಕ್ಕಾಯ್, ಸೊರಗಿ ಹೋಗಿದ್ದ ಸೂರಾ ಯೆಶಿವಾಗೆ ಈಜಿಪ್ಟಿನ ಫಯ್ಯೂಮ್ ಮೂಲದ ಸಾದಿಯಾನ ಗಾವೋನ್ ಮಾಡಿದ. ಹೊರಗಿನೋನು, ಮಹಾ ಪಂಡಿತ. ಈ ಮನುಷ್ಯ ಯಾರಿಗೂ ಹೆದರೋನಲ್ಲ ಹುಷಾರು ಅಂತ ಮೊದ್ಲೇ ಹೇಳಿದೋರಿದ್ರು, ದಾವೀದ್ ಕೇಳಲಿಲ್ಲ. ಎರಡು ವರ್ಷ ಆಗಿತ್ತೋ ಇಲ್ವೋ, 930ರಲ್ಲಿ ಒಂದು ಆಸ್ತಿ ಕೇಸು ಬಂತು. ದಾವೀದ್ ತೀರ್ಪು ಬರೆದ, ಅದಕ್ಕೆ ಎರಡೂ ಗಾವೋನ್‌ಗಳ ಸಹಿ ಬೇಕು. ಪುಂಬೆದಿತಾದವನು ಹಾಕಿಬಿಟ್ಟ. ಸಾದಿಯಾ ಹಾಕಲ್ಲ ಅಂದ. ದಾವೀದ್ ತನ್ನ ಮಗ ಯೆಹೂದಾನ ಕಳಿಸಿದ, ಆ ಹುಡುಗ ಒಮ್ಮೆ ಕೇಳಿದ ಎರಡು ಸಲ ಕೇಳಿದ, ಕೊನೆಗೆ ಕೈ ಎತ್ತೋ ಮಾತಾಡಿದ, ಸಾದಿಯಾನ ಕಡೆಯೋರು ಅವನನ್ನ ಹೊರಗೆ ತಳ್ಳಿದ್ರು. ಅಲ್ಲಿಗೆ ಮುಗೀತು: ದಾವೀದ್ ಸಾದಿಯಾನ ತೆಗೆದು ಬೇರೆ ಗಾವೋನ್ ಇಟ್ಟ, ಸಾದಿಯಾ ದಾವೀದನ್ನೇ ತೆಗೆದು ಅವನ ಸ್ವಂತ ತಮ್ಮನ್ನ ರೋಶ್ ಹಗೋಲಾ ಅಂತ ಘೋಷಿಸಿದ, ಇಬ್ಬರೂ ಒಬ್ಬರಿಗೊಬ್ಬರು ಬಹಿಷ್ಕಾರ. ರಾಜಿ ಆಗಿದ್ದು 937ರಲ್ಲಿ. ಹಂಗಾಗಿ ಆ ಏಳು ವರ್ಷದ ಕಾಗದಗಳಲ್ಲಿ ಇಬ್ಬರು ಗಾವೋನ್, ಇಬ್ಬರು ರೋಶ್ ಹಗೋಲಾ ಕಾಣಿಸಿದ್ರೆ ಅದು ಪ್ರಿಂಟಿಂಗ್ ಮಿಸ್ಟೇಕ್ ಅಲ್ಲ.

ಜೆರುಸಲೇಮಲ್ಲೂ ಹೀಗೇ ಆಯ್ತು. 1025ರಿಂದ 1051ರವರೆಗೆ ಗಾವೋನ್ ಆಗಿದ್ದೋನು ಸೊಲೊಮೋನ್ ಬೆನ್ ಯೆಹೂದಾ, ಮೊರಾಕೊದ ಫೆಜ್ ಮೂಲದವನು. 1038ರಲ್ಲಿ ನಾಥಾನ್ ಬೆನ್ ಅಬ್ರಹಾಂ ಅನ್ನೋನು ರಾಮ್ಲಾದಲ್ಲಿ ಕೂತು ನಾನೇ ಗಾವೋನ್ ಅಂದ. ನಾಲ್ಕು ವರ್ಷ ಎಳೆದಾಡಿ, ಆಗ ಈಜಿಪ್ಟ್ ಆಳ್ತಿದ್ದ ಫಾತಿಮಿ ಸರ್ಕಾರದವರೆಗೂ ದೂರು ಹೋಗಿ, 1042ರ ಹೊಶಾನಾ ರಬ್ಬಾ ಹಬ್ಬದ ದಿನ ಒಪ್ಪಂದ ಆಯ್ತು, ನಾಥಾನ್ ಅವ್ ಬೇತ್ ದೀನ್ ಸ್ಥಾನಕ್ಕೆ ಒಪ್ಕೊಂಡ. ಆ ಹಬ್ಬದ ದಿನನೇ ಯಾಕೆ ಅಂದ್ರೆ, ವರ್ಷಕ್ಕೊಮ್ಮೆ ಅವತ್ತು ಯಾತ್ರಿಕರೆಲ್ಲ ಆಲಿವ್ ಗುಡ್ಡದ ಮೇಲೆ ಸೇರ್ತಿದ್ರು, ಯಾರಿಗೆ ಯಾವ ಪದವಿ, ಯಾರಿಗೆ ಬಹಿಷ್ಕಾರ, ಯಾರು ಎಷ್ಟು ದಾನ ಕೊಟ್ರು, ಎಲ್ಲ ಅಲ್ಲೇ ಘೋಷಣೆ ಆಗ್ತಿತ್ತು.

ಇಸವಿ ವಿಷ್ಯ: ಪುಂಬೆದಿತಾದ ದೊಡ್ಡ ಗಾವೋನ್‌ಗಳಲ್ಲಿ ಕೊನೆಯವನು ಹಾಯ್, 1038ರಲ್ಲಿ ತೀರಿಕೊಂಡ. ಅದಾದ ಮೇಲೂ ಬಾಗ್ದಾದಲ್ಲಿ ಗಾವೋನ್ ಅನ್ನೋ ಹೆಸರು ಮುಂದುವರೀತು, 12ನೇ ಶತಮಾನದಲ್ಲಿ ದೊಡ್ಡ ಯಹೂದಿ ಪಂಡಿತ ಮೈಮೊನಿದಿಸ್ ಜೊತೆ ಜಗಳ ಆಡಿದ ಸಮುವೇಲ್ ಬೆನ್ ಏಲಿ ಕೂಡ ಗಾವೋನೇ. ಜೆರುಸಲೇಮಿನ ಯೆಶಿವಾ ಸೆಲ್ಜುಕ್ ತುರ್ಕರು ಬಂದ ಕಾಲಕ್ಕೆ ಲೆಬನಾನ್ ಕಡೆಯ ಊರು ಟೈರ್‌ಗೆ ಓಡಿತು, ಅಲ್ಲಿಂದ ಡಮಾಸ್ಕಸ್, 1127ರಲ್ಲಿ ಗಾವೋನ್ ಮಸ್ಲಿಯಾಹ್ ಹಕೊಹೇನ್ ಕೈರೋಗೆ ಬಂದು ಕೂತ. ಅಂದ್ರೆ 1130ರ ಕಾಗದದಲ್ಲಿ ಪ್ಯಾಲೆಸ್ಟೈನಿನ ಗಾವೋನ್ ಅಂತ ಇದ್ರೆ ಅವನು ಇರೋದು ಈಜಿಪ್ಟಲ್ಲಿ.

ಹೆಜ್ಜೆ 5: ನಗೀದ್ ಬಂದಾಗ ದೇಶ ನೋಡಿ, ಆಮೇಲೆ ಡಾಕ್ಟರಾ ಅಂತ ನೋಡಿ

ನಗೀದ್ ಅನ್ನೋದು ಒಂದು ಪ್ರಾಂತ್ಯದ ಯಹೂದಿಗಳ ಮುಖಂಡನಿಗೆ ಬಂದ ಪದವಿ. ಮೊದ್ಲು ಕಾಣಿಸೋದು ಟ್ಯುನೀಶಿಯಾದ ಕೈರವಾನ್‌ನಲ್ಲಿ, 1015ರ ಹೊತ್ತಿಗೆ, ಅಬ್ರಹಾಂ ಬೆನ್ ಅತಾ ಅನ್ನೋ ಅರಮನೆ ವೈದ್ಯನಿಗೆ, ಕೊಟ್ಟೋನು ಬಾಗ್ದಾದಿನ ಗಾವೋನ್ ಹಾಯ್. ಆಮೇಲೆ ಸ್ಪೇನಿನ ಗ್ರನಾಡಾದಲ್ಲಿ ಸಮುವೇಲ್ ಇಬ್ನ್ ನಗ್ರೇಲಾ, ಇವನು ಡಾಕ್ಟರಲ್ಲ, ರಾಜನ ವಜೀರ, ಹೀಬ್ರೂ ಕವಿ, 1056ರಲ್ಲಿ ಸತ್ತ. ಅವನ ಜಾಗಕ್ಕೆ ಬಂದ ಮಗ ಯೋಸೇಫನ್ನ 1066ರಲ್ಲಿ ದಂಗೆಯಲ್ಲಿ ಕೊಂದ್ರು. ಅರಮನೆ ದಾರಿ ಹಿಡಿದವರ ಅಪಾಯ ಏನು ಅನ್ನೋದಕ್ಕೆ ಇಷ್ಟು ಸಾಕು.

ಈಜಿಪ್ಟಲ್ಲಿ ಸರ್ಕಾರಿ ಹೆಸರು ರಯೀಸ್ ಅಲ್ ಯಹೂದ್, ಯಹೂದಿಗಳ ಮುಖ್ಯಸ್ಥ, ಹೀಬ್ರೂನಲ್ಲಿ ನಗೀದ್. ಹಳೇ ಪುಸ್ತಕಗಳಲ್ಲಿ ಒಂದು ಕಥೆ ಸಿಗತ್ತೆ: ಬಾಗ್ದಾದ್ ಖಲೀಫನ ಮಗಳು ಈಜಿಪ್ಟಿಗೆ ಮದುವೆಯಾಗಿ ಬಂದ್ಲು, ನಮ್ಮೂರಲ್ಲಿ ದಾವೀದನ ವಂಶದವನು ಇರ್ತಾನೆ ಇಲ್ಲಿ ಯಾಕಿಲ್ಲ ಅಂದ್ಲು, ಅದಕ್ಕೇ 10ನೇ ಶತಮಾನದಲ್ಲಿ ಈ ಹುದ್ದೆ ಶುರುವಾಯ್ತು ಅಂತ. ಚೆಂದದ ಕಥೆ, ಆದ್ರೆ ಬರೆದಿದ್ದು ಎಷ್ಟೋ ಶತಮಾನ ಆದ ಮೇಲೆ. ಗೆನಿಝಾ (ಹಳೇ ಕೈರೋದ ಸಿನಗಾಗ್‌ನಲ್ಲಿ ಹಳೇ ಕಾಗದ ಹಾಕಿಡ್ತಿದ್ದ ಕೋಣೆ) ಕಾಗದಗಳನ್ನ ಕೂತು ನೋಡಿದ ವಿದ್ವಾಂಸರು ಹೇಳೋದು, ಈ ಹುದ್ದೆ ರೂಪ ತಗೊಂಡಿದ್ದು 11ನೇ ಶತಮಾನದ ಕೊನೇ ಭಾಗದಲ್ಲಿ, ಯೆಹೂದಾ ಬೆನ್ ಸಾದ್ಯಾ ಮತ್ತೆ ಅವನ ತಮ್ಮ ಮೆವೋರಾಖ್ ಕಾಲದಲ್ಲಿ. ಇಬ್ಬರೂ ಅರಮನೆ ವೈದ್ಯರು. ಕಾರಣನೂ ಸಿಂಪಲ್: ಜೆರುಸಲೇಮಿನ ಯೆಶಿವಾ ಯುದ್ಧದಲ್ಲಿ ಚದುರಿ ಹೋಗಿತ್ತು, ಈಜಿಪ್ಟಿನೋರಿಗೆ ಹತ್ತಿರದಲ್ಲೇ ಒಬ್ಬ ದೊಡ್ಡೋರು ಬೇಕಿತ್ತು, ವಜೀರನ ನಾಡಿ ಹಿಡಿಯೋನಿಗಿಂತ ಹತ್ತಿರದೋನು ಯಾರು ಸಿಗ್ತಾರೆ?

ಆಮೇಲಿನ ಪಟ್ಟಿ ನೋಡಿದ್ರೂ ಅದೇ. ಸಮುವೇಲ್ ಬೆನ್ ಹನನ್ಯಾ, 1140ರಿಂದ 1159, ಡಾಕ್ಟರ್. ಮೈಮೊನಿದಿಸ್ 1171ರ ಆಸುಪಾಸು ಈ ಹುದ್ದೆಗೆ ಬಂದ, ಸಲಾದಿನ್ ಕಾಲ, ಡಾಕ್ಟರ್. ಮಗ ಅಬ್ರಹಾಂ, 1237ರಲ್ಲಿ ತೀರಿಕೊಂಡ, ಅವನೂ ಡಾಕ್ಟರ್. ಇಲ್ಲಿ ಒಂದು ಸೂಕ್ಷ್ಮ ಇದೆ, ಇಂಟರ್ನೆಟ್ಟಲ್ಲಿ ಎಲ್ಲಾ ಕಡೆ ಮೈಮೊನಿದಿಸ್‌ನ ನಗೀದ್ ಅಂತ ಬರೀತಾರೆ, ಹುದ್ದೆ ಲೆಕ್ಕಕ್ಕೆ ಸರಿ, ಆದ್ರೆ ಅವನ ಕಾಲದ ಕಾಗದಗಳಲ್ಲಿ ಅವನಿಗೆ ಆ ಪದ ಬಳಸ್ತಿರಲಿಲ್ಲ, ಇಸ್ರೇಲಿನ ಮಹಾ ಗುರು ಅನ್ನೋ ಥರದ ಹೆಸರು ಹಾಕ್ತಿದ್ರು. ನಗೀದ್ ಅಂತ ಮತ್ತೆ ಕಾಣಿಸ್ಕೊಳ್ಳೋದು ಮಗನ ಕಾಲಕ್ಕೆ. ಅವನ ವಂಶದೋರೇ ತಲೆಮಾರುಗಟ್ಟಲೆ ಮುಂದುವರಿಸಿದ್ರು, ಅರಮನೆ ಹುದ್ದೆ ಅಂತ ಶುರುವಾಗಿದ್ದು ಕೊನೆಗೆ ವಂಶದ ಹುದ್ದೆನೇ ಆಗೋಯ್ತು. 1517ರಲ್ಲಿ ಆಟೊಮನ್ ತುರ್ಕರು ಈಜಿಪ್ಟ್ ಗೆದ್ದ ಮೇಲೆ ನಿಂತುಹೋಯ್ತು, ಕೊನೆಯ ನಗೀದ್ ಇಸಾಕ್ ಶೊಲಾಲ್ ಜೆರುಸಲೇಮಿಗೆ ಹೋಗಿ ನೆಲೆಸಿದ.

ಯೆಮನ್ನಿನ ನಗೀದ್ ನಮಗೆ ಹತ್ತಿರದೋನು. ಏಡನ್ ಬಂದರಿನ ಮದ್ಮೂನ್ ಬೆನ್ ಹಸನ್, 1151ರಲ್ಲಿ ತೀರಿಕೊಂಡ, ಮಂಗಳೂರಿನ ಬೆನ್ ಯಿಜುಗೆ ಹೆಚ್ಚುಕಮ್ಮಿ ಬಾಸ್ ಇದ್ದಂಗೆ. ಇವನು ಡಾಕ್ಟರಲ್ಲ, ವಕೀಲ್ ಅಲ್ ತುಜ್ಜಾರ್, ವ್ಯಾಪಾರಿಗಳ ಪ್ರತಿನಿಧಿ, ಅಪ್ಪನಿಂದ ಬಂದ ಕೆಲಸ. ಬೇರೆ ಊರಿನ ವ್ಯಾಪಾರಿಗಳ ಸರಕು ಇಟ್ಕೊಳ್ಳೋದು, ಮಾರಿಸೋದು, ಜಗಳ ಬಿಡಿಸೋದು, ಬಂದರಿನ ಅಧಿಕಾರಿಗಳ ಜೊತೆ ವ್ಯವಹಾರ ಮಾಡೋದು. ಮಂಗಳೂರಿನ ವ್ಯಾಪಾರಿಗಳಿಗೆ ನಮಸ್ಕಾರ ಹೇಳು, ಅವರು ಒಪ್ಪಿದ್ರೆ ಸೇರಿ ಹಡಗು ವ್ಯವಹಾರ ಮಾಡೋಣ ಅಂತ ಬೆನ್ ಯಿಜುಗೆ ಬರೆದೋನು ಇವನೇ. ಇಂಥವನಿಗೆ ನಗೀದ್ ಪದವಿ ಬಂದಿದ್ದು ಬಂದರಿನ ಬಲದಿಂದ, ಯೆಶಿವಾದ ಪಾಂಡಿತ್ಯದಿಂದ ಅಲ್ಲ. ಅದಕ್ಕೇ ನಗೀದ್ ಅಂದ ತಕ್ಷಣ ಒಂದೇ ಚಿತ್ರ ತಲೇಲಿ ಇಟ್ಕೋಬಾರ್ದು.

ಹೆಜ್ಜೆ 6: ನಾಸಿಗೆ ಬೇಗ ಮಣೆ ಹಾಕ್ಬೇಡಿ

ಪೂರ್ವದ ಕಡೆ, ಅಂದ್ರೆ ಇರಾಕ್, ಸಿರಿಯಾ, ಈಜಿಪ್ಟ್ ಕಾಗದಗಳಲ್ಲಿ ನಾಸಿ ಅಂದ್ರೆ ಸಾಮಾನ್ಯವಾಗಿ ದಾವೀದನ ವಂಶದವನು ಅಂತ ಅಷ್ಟೇ. ಹುದ್ದೆ ಇರಬಹುದು, ಇಲ್ದೇನೂ ಇರಬಹುದು. ಹಣಕಾಸು ಕೈಕೊಟ್ಟ ನಾಸಿಗಳು ಊರಿಂದ ಊರಿಗೆ ಹೋಗಿ ವಂಶದ ಹೆಸರಲ್ಲಿ ಸತ್ಕಾರ ಪಡ್ಕೊಳ್ತಿದ್ರು. ಕರಾಯಿಟ್ (ರಬ್ಬಿಗಳ ಸಂಪ್ರದಾಯ ಒಪ್ಪದ ಯಹೂದಿ) ಪಂಗಡದೋರಿಗೂ ತಮ್ಮದೇ ನಾಸಿಗಳಿದ್ರು, 8ನೇ ಶತಮಾನದ ಅನಾನ್ ಬೆನ್ ದಾವೀದ್‌ನ ವಂಶ ಅಂತ ಹೇಳ್ಕೊಳ್ತಿದ್ರು.

ಸ್ಪೇನಲ್ಲಿ ಮಾತ್ರ ಕಥೆ ಬೇರೆ. ಕೊರ್ಡೋವಾದ ಖಲೀಫನ ಆಸ್ಥಾನದಲ್ಲಿದ್ದ ಹಸ್ದಾಯ್ ಇಬ್ನ್ ಶಪ್ರೂತ್, 10ನೇ ಶತಮಾನದ ವೈದ್ಯ, ರಾಜತಾಂತ್ರಿಕ, ಅವನನ್ನ ನಾಸಿ ಅಂತಿದ್ರು, ದಾವೀದನ ವಂಶಕ್ಕೂ ಅವನಿಗೂ ಸಂಬಂಧ ಇಲ್ಲ. ಅಲ್ಲಿ ಅದು ಸಮುದಾಯದ ದೊಡ್ಡ ಮನುಷ್ಯ ಅನ್ನೋ ಅರ್ಥದಲ್ಲಿ.

ಬರೀ ವಂಶದ ಬಲದಲ್ಲಿ ಎಲ್ಲಾ ಕಬಳಿಸೋಕೆ ಹೊರಟೋನೂ ಒಬ್ಬ ಇದಾನೆ, ದಾವೀದ್ ಬೆನ್ ದಾನಿಯೇಲ್. ಅಪ್ಪ ಜೆರುಸಲೇಮಿನ ಗಾವೋನ್ ಆಗಿದ್ದ, ವಂಶದಿಂದ ನಾಸಿ. ಮಗ ಈಜಿಪ್ಟಿಗೆ ಬಂದು ಮೆವೋರಾಖ್‌ನ ಕೆಳಗಿಳಿಸಿ ತಾನು ಕೂತ, ಆಮೇಲೆ ಅಷ್ಟಕ್ಕೇ ನಿಲ್ದೆ ನಾನೇ ರೋಶ್ ಹಗೋಲಾ ಅಂದ, ಅಲೆಕ್ಸಾಂಡ್ರಿಯಾ, ದಮಿಯೆಟ್ಟಾ ಥರದ ಬಂದರು ಊರುಗಳಿಗೆ ತನ್ನ ಜನ ಕಳಿಸಿ ಹಣ ಎತ್ತಿದ. 1094ರಲ್ಲಿ ಬಿದ್ದ, ಮೆವೋರಾಖ್ ವಾಪಸ್ ಬಂದ. ಇವನ ವಿರುದ್ಧ ಗಾವೋನ್ ಎವ್ಯಾತಾರ್ ಒಂದು ದೊಡ್ಡ ಸುರುಳಿನೇ ಬರೆದು ಇಟ್ಟಿದಾನೆ, ಎದುರಾಳಿ ಬರೆದಿದ್ದು ಅನ್ನೋದು ತಲೇಲಿ ಇಟ್ಕೊಂಡು ಓದಿ.

ಹೆಜ್ಜೆ 7: ಊರ ಮಟ್ಟದೋರನ್ನ ಬಿಡ್ಬೇಡಿ

ಜನಸಾಮಾನ್ಯರಿಗೆ ದಿನಾ ಎದುರಾಗ್ತಿದ್ದೋರು ಇವರು. ಮುಕದ್ದಮ್ ಅಂದ್ರೆ ಊರಿನ ಯಹೂದಿಗಳ ಮುಖಂಡ, ಮೇಲಿನಿಂದ ನೇಮಕ ಆದವನು, ಆದ್ರೆ ಊರಿನೋರು ಒಪ್ಪದೇ ಇದ್ರೆ ಒಂದು ದಿನ ಬಾಳಲ್ಲ (ಉತ್ತರ ಕರ್ನಾಟಕದಲ್ಲಿ ಕಬ್ಬು ಕಡಿಯೋ ಗ್ಯಾಂಗಿನ ಮುಕಾದಮ್ ಅನ್ನೋ ಮಾತೂ ಇದೇ ಅರಬ್ಬಿ ಬೇರಿನದು). ದಯ್ಯಾನ್ ನ್ಯಾಯಾಧೀಶ, ಕೋರ್ಟು ಸಾಮಾನ್ಯವಾಗಿ ಮೂರು ಜನರದು, ಸಹಿನೂ ಮೂರು ಹುಡುಕಿ. ಹಜ್ಜಾನ್ ಪ್ರಾರ್ಥನೆ ಹಾಡೋನು, ಸುಮಾರು ಸಲ ಪತ್ರ ಬರೆದುಕೊಡೋ ಗುಮಾಸ್ತನೂ ಅವನೇ. ಶಮ್ಮಾಶ್ ಸಿನಗಾಗ್‌ನ ಸಿಬ್ಬಂದಿ.

ನನಗೆ ಇಷ್ಟ ಆಗೋನು ಪರ್ನಾಸ್. ಸಮುದಾಯಕ್ಕೆ ದಾನ ಬಂದ ಮನೆಗಳ ಬಾಡಿಗೆ ವಸೂಲಿ, ರಿಪೇರಿ ಲೆಕ್ಕ, ಬಡವರ ಪಟ್ಟಿ, ವಿಧವೆಯರು, ಅನಾಥರು, ಹೊರಗಿಂದ ಬಂದ ನಿರಾಶ್ರಿತರು, ಎಲ್ಲ ಇವನ ತಲೆ ಮೇಲೆ. ಫುಸ್ತಾತ್‌ನಲ್ಲಿ ವಾರಕ್ಕೆ ಎರಡು ಸಲ, ಮಂಗಳವಾರ ಶುಕ್ರವಾರ, ಬ್ರೆಡ್ ಹಂಚ್ತಿದ್ರು, ಯಾರಿಗೆ ಎಷ್ಟು ರೊಟ್ಟಿ ಅಂತ ಬರೆದ ಪಟ್ಟಿಗಳು ಇವತ್ತಿಗೂ ಇದಾವೆ. ಗಾವೋನ್‌ಗಳ ಹೊಗಳಿಕೆ ಪತ್ರ ಓದಿ ಬೇಜಾರಾದಾಗ ಈ ಪಟ್ಟಿ ತೆಗೀರಿ, ಆ ಊರು ಕಣ್ಣಿಗೆ ಕಟ್ಟತ್ತೆ.

ಹೆಜ್ಜೆ 8: ರೆಶೂತ್ ಸಾಲು ಹುಡುಕಿ, ಇಸವಿ ಲೆಕ್ಕ ಹಾಕಿ

ಕಾನೂನು ಪತ್ರಗಳಲ್ಲಿ, ಮದುವೆ ಕರಾರಲ್ಲಿ, ಸಿನಗಾಗ್ ಭಾಷಣದ ಶುರುವಲ್ಲಿ ಒಂದು ಸಾಲು ಬರತ್ತೆ: ಇಂಥ ಒಡೆಯನ ರೆಶೂತ್ ಅಡಿಯಲ್ಲಿ, ಅಂದ್ರೆ ಅವನ ಅಧಿಕಾರದ ಒಳಗೆ. ಯಾರ ಹೆಸರು ಹೇಳಿದ್ರೋ ಆ ಊರು ಅವನ ಕಡೆ. ಹೆಸರು ಹೇಳೋದು ನಿಲ್ಲಿಸಿದ್ರೆ ಬಂಡಾಯ ಅಂತಲೇ ಲೆಕ್ಕ, ಅದಕ್ಕೇ ಈ ಸಾಲಿಗೋಸ್ಕರ ಊರೂರಲ್ಲಿ ಹೊಡೆದಾಟ. ಮೈಮೊನಿದಿಸ್ ಮಗನ ಹೆಸರು ಈ ಸಾಲಲ್ಲಿ ನೆಲೆ ಆಗೋಕೆ ಅಪ್ಪ ಸತ್ತು ಸುಮಾರು ವರ್ಷ ಹಿಡೀತು, ವಿರೋಧ ಅಷ್ಟಿತ್ತು.

ಈಗ ಒಂದು ಪತ್ರ ಇಟ್ಕೊಂಡು ಮಾಡಿ ನೋಡೋಣ. ಬೆನ್ ಯಿಜು ಮಂಗಳೂರಲ್ಲಿ ಅಶು ಅನ್ನೋ ದಾಸಿಯನ್ನ ಬಿಡುಗಡೆ ಮಾಡಿ ಬರೆದ ಪತ್ರ. ಊರು ಮಂಜರೂರ್, ಮಹಾ ಸಮುದ್ರದ ದಡದಲ್ಲಿರೋ ಊರು ಅಂತ ಇದೆ, ಅದು ಮಂಗಳೂರು. ಇಸವಿ 1444. ಗಾಬರಿ ಬೇಡ, ಇದು ಪತ್ರಗಳ ಶಕೆ, ಅಲೆಕ್ಸಾಂಡರ್ ನಂತರದ ಸೆಲ್ಯೂಕಸ್ ದೊರೆಗಳಿಂದ ಬಂದಿದ್ದು, ವರ್ಷ ಶುರುವಾಗೋದು ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ. ಅಲ್ಲಿಂದ ಡಿಸೆಂಬರ್‌ವರೆಗಿನ ತಿಂಗಳಾದ್ರೆ 312 ಕಳೀರಿ, ಜನವರಿ ಆದ ಮೇಲಿನದಾದ್ರೆ 311. ಇದು ಅಕ್ಟೋಬರ್, ಹಾಗಾಗಿ 1444ರಲ್ಲಿ 312 ಕಳೆದ್ರೆ 1132, ದಿನ 17 ಅಕ್ಟೋಬರ್. ಇನ್ನು ರೆಶೂತ್ ಯಾರದು? ಈಜಿಪ್ಟಿಗೆ ಬಂದು ಕೂತಿದ್ದ ಗಾವೋನ್ ಮಸ್ಲಿಯಾಹ್‌ದಲ್ಲ, ಏಡನ್ನಿನ ಮದ್ಮೂನ್‌ದೂ ಅಲ್ಲ. ನಮ್ಮ ಒಡೆಯ ದಾನಿಯೇಲ್, ಮಹಾ ನಾಸಿ, ಇಡೀ ಇಸ್ರೇಲಿನ ದೇಶಭ್ರಷ್ಟರ ಮುಖ್ಯಸ್ಥ, ಹಿಸ್ದಾಯ್ ಮಗ, ಅಂತ ಇದೆ. ಅಂದ್ರೆ ಬಾಗ್ದಾದಿನ ರೋಶ್ ಹಗೋಲಾ. ಇಲ್ಲಿ ನಾಸಿ ಅಂದ್ರೆ ವಂಶ, ದೇಶಭ್ರಷ್ಟರ ಮುಖ್ಯಸ್ಥ ಅಂದ್ರೆ ಹುದ್ದೆ, ಒಬ್ಬನೇ ಮನುಷ್ಯ. ಹಿಂದೂ ಮಹಾಸಾಗರದ ಈ ಕಡೆ ಯಹೂದಿ ಕಾನೂನಿನ ಲೆಕ್ಕದಲ್ಲಿ ಯಾರ ವ್ಯಾಪ್ತಿ ಅಂತ ಪತ್ರ ಬರೆದೋನಿಗೆ ಸ್ಪಷ್ಟವಾಗಿತ್ತು. ಬಾಗ್ದಾದಲ್ಲಿ ಕುದುರೆ ಮೇಲೆ ಹೋಗ್ತಿದ್ದೋನಿಗೆ ಮಂಗಳೂರಿನ ಮೇಲೆ ನಿಜವಾದ ಹಿಡಿತ ಏನೂ ಇರಲಿಲ್ಲ, ಬಿಡುಗಡೆ ಪತ್ರ ಕಾನೂನಿನ ಕಣ್ಣಿಗೆ ಗಟ್ಟಿಯಾಗಿ ನಿಲ್ಲಬೇಕಂದ್ರೆ ಮಾತ್ರ ಅವನ ಹೆಸರು ಬೇಕಿತ್ತು.

ಹೆಜ್ಜೆ 9: ಒಬ್ಬನೇ ಮನುಷ್ಯನಿಗೆ ಇರೋ ಎರಡು ಹೆಸರು ಜೋಡಿಸಿ

ಹೀಬ್ರೂ ಹೆಸರು ಒಂದು, ಅರಬ್ಬಿ ಹೆಸರು ಒಂದು, ಅದರ ಮೇಲೆ ಅಬು ಇಂಥೋನು (ಇಂಥವನ ಅಪ್ಪ) ಅನ್ನೋ ಕುನ್ಯಾ. ಅಬ್ರಹಾಂ ಆದ್ರೆ ಅಬು ಇಸ್‌ಹಾಕ್, ಮೋಶೆ ಆದ್ರೆ ಅಬು ಇಮ್ರಾನ್ ಅಂತ ಒಂದು ಪದ್ಧತಿ. ಹಸನ್ ಅನ್ನೋನು ಹೀಬ್ರೂನಲ್ಲಿ ಯೆಫೆತ್, ಮದ್ಮೂನ್ ಅನ್ನೋನು ಶೆಮರ್ಯಾ. ಹಂಗಾಗಿ ಶೆಮರ್ಯಾ ಬೆನ್ ಯೆಫೆತ್ ಅಂತ ಕಂಡ್ರೆ ಹೊಸಬ ಅನ್ಕೋಬೇಡಿ, ಅದು ನಮ್ಮ ಮದ್ಮೂನ್ ಬೆನ್ ಹಸನ್ನೇ ಇರಬಹುದು, ಇಸವಿ ಊರು ತಾಳೆ ನೋಡಿ.

ಮೂಲ ನೋಡೋಕೆ ಪ್ರಿನ್ಸ್‌ಟನ್ ಗೆನಿಝಾ ಪ್ರಾಜೆಕ್ಟ್ ವೆಬ್‌ಸೈಟ್ ಫ್ರೀ ಇದೆ, ಕೇಂಬ್ರಿಡ್ಜ್ ಡಿಜಿಟಲ್ ಲೈಬ್ರರಿಯಲ್ಲಿ ಫೋಟೋಗಳೂ ಸಿಗ್ತವೆ. ಕಾಗದ ಹೆಚ್ಚಿನವು ಅರಬ್ಬಿ ಭಾಷೆಯನ್ನ ಹೀಬ್ರೂ ಲಿಪಿಯಲ್ಲಿ ಬರೆದಿದ್ದು, ಹಂಗಾಗಿ ಇಂಗ್ಲಿಷಲ್ಲಿ ಸರ್ಚ್ ಮಾಡುವಾಗ ಸ್ಪೆಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರತ್ತೆ. ನಗೀದ್ ಅಂತ ಸಿಗ್ಲಿಲ್ಲ ಅಂದ್ರೆ ರಯೀಸ್ ಅಂತ ಹಾಕಿ, ಅದೂ ಇಲ್ಲ ಅಂದ್ರೆ ಪದವಿ ಬಿಟ್ಟು ಬರೀ ಊರು ಮತ್ತೆ ಅಪ್ಪನ ಹೆಸರು ಹಾಕಿ ನೋಡಿ, ಹೆಚ್ಚಾಗಿ ಹಿಂಗೇ ಸಿಗೋದು. ಕಾಗದ ತೆರೆದ ಮೇಲೆ ಮೊದ್ಲು ವಿಳಾಸದ ಕಡೆ ಹೋಗಿ, ಕಳಿಸಿದೋನು ಯಾರು, ತಗೊಂಡೋನು ಯಾರು ಅಂತ ಬರ್ಕೊಳ್ಳಿ, ಮಧ್ಯದ ಹೊಗಳಿಕೆ ಭಾಗ ಕಾಫಿ ಕುಡಿದ ಮೇಲೆ ಓದಿದ್ರೂ ನಡೆಯತ್ತೆ.